ಫ್ಲೀಟ್‌ವುಡ್ಸ್: ಅಬ್ಬರದ ಕಾಲದ ಮೆಲುದನಿ

ಆರಂಭಕಾಲದ ರಾಕ್ ಅಂಡ್ ರೋಲ್ ಎಂದರೆ ಎಲೆಕ್ಟ್ರಿಕ್ ಗಿಟಾರಿನ ಝೇಂಕಾರ, ಡ್ರಮ್ಮಿನ ಬಿರುಸು ಮತ್ತು ಕಂಠ ಬಿಚ್ಚಿ ಕೂಗುವ ಗಾಯಕರು ಎಂಬ ಭಾವನೆ ಇಂದಿಗೂ ಬಲವಾಗಿದೆ. ಆದರೆ ಅದೇ ಸಂಗೀತದ ಒಳಗಿದ್ದುಕೊಂಡು, ಪಿಸುಮಾತಿಗೆ ಸಮೀಪವಾದ ದನಿಯಲ್ಲಿ ಹಾಡಿ, 1959ರ ಒಂದೇ ವರ್ಷದಲ್ಲಿ ಎರಡು ಬಾರಿ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅಮೆರಿಕದ ಫ್ಲೀಟ್‌ವುಡ್ಸ್ ತಂಡದ ಸಾಧನೆಯನ್ನು ಆ ಯುಗದ ಚರಿತ್ರೆಯಿಂದ ಹೊರಗಿಡಲಾಗದು.

ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಪಟ್ಟಣದ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಗ್ರೆಚೆನ್ ಕ್ರಿಸ್ಟೋಫರ್ ಮತ್ತು ಬಾರ್ಬರಾ ಎಲ್ಲಿಸ್, ತಮ್ಮ ಹಾಡುಗಾರಿಕೆಗೆ ಟ್ರಂಪೆಟ್ ನುಡಿಸಲೆಂದು ಗ್ಯಾರಿ ಟ್ರಾಕ್ಸೆಲ್ ಅವರನ್ನು ಕರೆದರು. ವಾದಕರಾಗಿ ಬಂದ ಗ್ಯಾರಿ ಗಾಯಕರಾಗಿ ಉಳಿದರು. ತಂಡದ ಹೆಸರು ಬಂದದ್ದು ಸ್ಥಳೀಯ ಟೆಲಿಫೋನ್ ಎಕ್ಸ್‌ಚೇಂಜಿನ ಹೆಸರಿನಿಂದ.

ಇವರ ಗಾಯನದ ಬೇರು ಇರುವುದು ಡೂ-ವಾಪ್ ಶೈಲಿಯಲ್ಲಿ. ಆಫ್ರಿಕನ್-ಅಮೆರಿಕನ್ ಯುವಕರು ನಗರಗಳ ಬೀದಿಗಳಲ್ಲಿ ಬೆಳೆಸಿದ ಈ ಶೈಲಿಯಲ್ಲಿ ಒಬ್ಬರು ಸಾಹಿತ್ಯವನ್ನು ಹಾಡುತ್ತಿದ್ದರೆ, ಉಳಿದವರು ಅರ್ಥವಿಲ್ಲದ ಅಕ್ಷರಗಳನ್ನು ಲಯಬದ್ಧವಾಗಿ ಉಚ್ಚರಿಸುತ್ತ, ಬೇರೆ ಬೇರೆ ಸ್ವರಗಳನ್ನು ಏಕಕಾಲಕ್ಕೆ ಹೊಂದಿಸಿ, ಹಾರ್ಮನಿ ಎಂದು ಕರೆಯಲಾಗುವ ಸ್ವರಸಂಯೋಜನೆಯಿಂದ ಹಾಡಿಗೆ ತಳಹದಿ ಕಟ್ಟುತ್ತಾರೆ. ಡೂ-ವಾಪ್ ತಂಡಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಳವಾದ ಮಂದ್ರದ ಗಂಡುದನಿ ಫ್ಲೀಟ್‌ವುಡ್ಸ್‌ನಲ್ಲಿ ಇರಲಿಲ್ಲ. ಅದರ ಬದಲು, ‘ಕಮ್ ಸಾಫ್ಟ್ಲಿ ಟು ಮಿ’ ಗೀತೆಯಲ್ಲಿ ಗ್ಯಾರಿಯವರ ಗುನುಗು ಮತ್ತು ಇಬ್ಬರು ಯುವತಿಯರ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡು, ಯಾರು ಮುಖ್ಯ ಗಾಯಕರು, ಯಾರು ಸಹಗಾಯಕರು ಎಂಬ ಭೇದವನ್ನೇ ಬಹುಮಟ್ಟಿಗೆ ಅಳಿಸಿಬಿಡುತ್ತವೆ. ತಂಡದ ನಿಜವಾದ ಹೊಸತನ ಇಲ್ಲಿದೆ. ಮೊದಲು ವಾದ್ಯಗಳಿಲ್ಲದೆ, ತಾಳಕ್ಕೆ ಕಾರಿನ ಕೀಲಿಗೊಂಚಲನ್ನು ಅಲುಗಾಡಿಸುತ್ತ ಧ್ವನಿಮುದ್ರಿಸಿದ ಈ ಹಾಡಿಗೆ, ಬಾನಿ ಗಿಟಾರ್ ಎಂಬ ಕಲಾವಿದೆ ನಂತರ ಅಕೂಸ್ಟಿಕ್ ಗಿಟಾರಿನ ನುಡಿತವನ್ನು ಸೇರಿಸಿದರು. ಬಾಬ್ ರೈಸ್‌ಡಾರ್ಫ್ ಅವರ ಸಿಯಾಟಲ್‌ನ ಸಣ್ಣ ಕಂಪನಿ ಹೊರತಂದ ಆ ರೆಕಾರ್ಡು ನಾಲ್ಕು ವಾರ ಅಗ್ರಸ್ಥಾನದಲ್ಲಿತ್ತು.

ಅದೇ ವರ್ಷದ ನವೆಂಬರಿನಲ್ಲಿ, ಡಿವೇನ್ ಬ್ಲ್ಯಾಕ್‌ವೆಲ್ ರಚಿಸಿದ ‘ಮಿಸ್ಟರ್ ಬ್ಲೂ’ ಕೂಡ ಮೊದಲ ಸ್ಥಾನ ತಲುಪಿತು. ಗ್ಯಾರಿ ಒಬ್ಬರೇ ಮುಂದೆ ನಿಂತು ಹಾಡುವ ಇದು ಹೆಚ್ಚು ಸಾಂಪ್ರದಾಯಿಕವಾದರೂ, ಅಳಲನ್ನು ಎಲ್ಲಿಯೂ ಅತಿಗೆ ಒಯ್ಯದ ಸಂಯಮದಿಂದ ಬೆಲೆಯುಳ್ಳದ್ದು.

ಇಂಥ ಏರಿಕೆಯ ಹೊತ್ತಿನಲ್ಲಿಯೇ ಗ್ಯಾರಿ ನೌಕಾಪಡೆಯ ಸೇವೆಗೆ ತೆರಳಬೇಕಾದ್ದರಿಂದ, ವೇದಿಕೆಯಲ್ಲಿ ಅವರ ಸ್ಥಾನವನ್ನು ವಿಕ್ ಡಾನಾ ತುಂಬಿದರು. ಮೂರೇ ದನಿಗಳ ಹೊಂದಾಣಿಕೆಯನ್ನು ನೆಚ್ಚಿದ್ದ ತಂಡಕ್ಕೆ ಇದು ಸಣ್ಣ ಪೆಟ್ಟಲ್ಲ. ಆದರೂ 1961ರಲ್ಲಿ, ಥಾಮಸ್ ವೇಯ್ನ್ ಎರಡು ವರ್ಷ ಹಿಂದೆ ಜನಪ್ರಿಯಗೊಳಿಸಿದ್ದ ‘ಟ್ರಾಜಿಡಿ’ಯನ್ನು ಮತ್ತೆ ಹಾಡಿ ಅವರು ಹತ್ತನೆಯ ಸ್ಥಾನಕ್ಕೆ ಬಂದರು. 1963ರ ‘ಗುಡ್‌ನೈಟ್ ಮೈ ಲವ್’ ಮೊದಲ ನಲವತ್ತರೊಳಗೆ ಬಂದ ಅವರ ಕೊನೆಯ ಗೀತೆಯಾಯಿತು. ಮರುವರ್ಷ ಬೀಟಲ್ಸ್ ಮತ್ತಿತರ ಬ್ರಿಟಿಷ್ ತಂಡಗಳು ಅಮೆರಿಕದ ಕೇಳುಗರನ್ನು ಸೆಳೆದುಕೊಂಡ ಮೇಲೆ, ಆ ಪಟ್ಟಿಗಳಲ್ಲಿ ಇವರ ಮೆಲುದನಿಗೆ ಜಾಗ ಉಳಿಯಲಿಲ್ಲ.