ನಾಲ್ಕೆಲೆಯ ಗುರುತಿನ ಮಕ್ಕಳು

ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಗ್ರಾಮಶಾಲೆಗಳ ಅಧೀಕ್ಷಕನಾಗಿದ್ದ ಆಲ್ಬರ್ಟ್ ಬೆಲ್ಮಾಂಟ್ ಗ್ರಹಾಂ ಎಂಬಾತನು 1902ರ ಜನವರಿಯಲ್ಲಿ ಸುಮಾರು 30 ಮಂದಿ ಬಾಲಕ ಬಾಲಿಕೆಯರನ್ನು ಸ್ಪ್ರಿಂಗ್‌ಫೀಲ್ಡಿನ ನ್ಯಾಯಾಲಯದ ನೆಲಮಾಳಿಗೆಯಲ್ಲಿ ಕೂಡಿಸಿ, ಮೆಕ್ಕೆಜೋಳ ಬೆಳೆಯುವುದು, ತೋಟ ಮಾಡುವುದು, ಲಿಟ್ಮಸ್ ಕಾಗದದಿಂದ ಮಣ್ಣನ್ನು ಪರೀಕ್ಷಿಸುವುದು ಮೊದಲಾದ ಕೆಲಸಗಳಿಗಾಗಿ ಒಂದು ಸಂಘವನ್ನು ಕಟ್ಟಿದನು. ಈ ಬಗೆಯ ಸಂಘಗಳು ಹಲವು ಸಂಸ್ಥಾನಗಳಲ್ಲಿ ಹುಟ್ಟಿ, 1914ರ ಸ್ಮಿತ್-ಲೀವರ್ ಕಾಯಿದೆಯ ಆಶ್ರಯದಲ್ಲಿ ಕೃಷಿ ವಿಸ್ತರಣ ಸೇವೆಯ ಅಂಗವಾಗಿ, ತಲೆ, ಹೃದಯ, ಕೈ, ಆರೋಗ್ಯಗಳನ್ನು ಸೂಚಿಸುವ ನಾಲ್ಕು ದಳದ ಹಸಿರೆಲೆಯ ಲಾಂಛನವನ್ನು ಧರಿಸಿ, ಫೋರ್-ಎಚ್ ಎಂಬ ಹೆಸರಿನಿಂದ ದೇಶವ್ಯಾಪಿಯಾದವು.

ಒಹಾಯೊದಲ್ಲಿ ಇದನ್ನು ನಡೆಸುವುದು ಅಲ್ಲಿನ ಸ್ಟೇಟ್ ವಿಶ್ವವಿದ್ಯಾನಿಲಯ. ಸರಕಾರವು ಭೂಮಿಯನ್ನು ಕೊಟ್ಟು ಸ್ಥಾಪಿಸಿದ ಇಂಥ ಭೂದತ್ತ ವಿದ್ಯಾಲಯಗಳ ಮಾದರಿಯಲ್ಲಿಯೇ 1964ರಲ್ಲಿ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವೂ ರೂಪುಗೊಂಡಿತು. ಒಹಾಯೊ ಸಂಸ್ಥಾನದ 88 ಕೌಂಟಿಗಳಲ್ಲಿಯೂ ಫೋರ್-ಎಚ್ ಕಾರ್ಯಕ್ರಮವುಂಟು. ಐದು ವರ್ಷ ತುಂಬಿದ ಚಿಕ್ಕ ಮಕ್ಕಳಿಗೆ ಸ್ಪರ್ಧೆಯಿಲ್ಲದ ಕ್ಲೋವರ್‌ಬಡ್ ವರ್ಗ, ಅವರಿಗಿಂತ ದೊಡ್ಡ ಮಕ್ಕಳಿಗೆ ಹದಿಹರೆಯ ಮುಗಿಯುವತನಕ ಸಂಘದ ಸದಸ್ಯತ್ವ.

ಸಂಘದ ಮಗುವೊಂದು ಹೋರಿಯನ್ನು ಸಾಕಲು ಕೈಗೊಂಡಿತೆಂದರೆ, ಅದರ ತೂಕವನ್ನೂ ಮೇವಿನ ವೆಚ್ಚವನ್ನೂ ಪಶುವೈದ್ಯನಿಗೆ ತೆತ್ತ ಹಣವನ್ನೂ ದಾಖಲೆಯ ಪುಸ್ತಕದಲ್ಲಿ ಸ್ವಹಸ್ತದಿಂದ ಬರೆದಿಡಬೇಕು. ಬೇಸಗೆಯ ಕೌಂಟಿ ಜಾತ್ರೆಯಲ್ಲಿ ಅದರ ಮೈತೊಳೆದು, ಕೂದಲನ್ನು ಬಾಚಿ, ಹಗ್ಗ ಹಿಡಿದು, ತೀರ್ಪುಗಾರನ ಮುಂದೆ ನಡೆಯಿಸಬೇಕು. ಕಡೆಗೆ ಹರಾಜಿನಲ್ಲಿ ಅದನ್ನು ಮಾಂಸಕ್ಕಾಗಿ ಮಾರಿ, ಲಾಭವೋ ನಷ್ಟವೋ ಎಂಬ ಲೆಕ್ಕವನ್ನು ಮುಗಿಸಬೇಕು. ತನ್ನ ಕೈಯಿಂದ ಉಣ್ಣಿಸಿದ ಪ್ರಾಣಿಯನ್ನು ಒಪ್ಪಿಸಿ ಬರುವ ಮಗುವಿನ ಕಣ್ಣು ತುಂಬುವುದುಂಟು. ಪ್ರೀತಿಯನ್ನೂ ವ್ಯವಹಾರವನ್ನೂ ಒಟ್ಟಿಗೆ ಹೊರುವ ಈ ಶಿಕ್ಷಣವು ಕಠಿನವಾದುದು. ನಮ್ಮಲ್ಲಿ ಅನೇಕರಿಗೆ ಅದು ನಿಷ್ಠುರವೆಂದೂ ತೋರಬಹುದು. ಆದರೆ ತಿಂಗಳುಗಟ್ಟಲೆ ಒಂದು ಹೊಣೆಗೆ ಕಟ್ಟುಬೀಳುವುದು ಹೀಗಲ್ಲದೆ ಬೇರೆ ಹೇಗೆ ಅಭ್ಯಾಸವಾದೀತು?

ನಗರಶಾಲೆಯ ತರಗತಿಯಲ್ಲಿ ಕೋಳಿಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು, 21 ದಿನಗಳ ಬಳಿಕ ಮರಿ ಚಿಪ್ಪನ್ನೊಡೆಯುವುದನ್ನು ಕಂಡು ಬೆರಗಾಗುವ ಮಗುವೂ ಫೋರ್-ಎಚ್‌ಗೆ ಸೇರಿದ್ದೇ. ಕಾರ್ಯಕ್ರಮದಲ್ಲಿ ಪಾಲ್ಗೊಂಡ ಮಕ್ಕಳನ್ನು ಎಣಿಸುವ ವಾರ್ಷಿಕ ವರದಿಯ ಮೊತ್ತದಲ್ಲಿ ಈ ಮಗುವಿಗೂ ಹೋರಿ ಸಾಕಿದ ಮಗುವಿಗೂ ಒಂದೊಂದೇ ಅಂಕ. ಸಂಘಕ್ಕೂ ಶಿಬಿರಕ್ಕೂ ಹೋದ ಮಗುವು ಎರಡು ಸಾಲುಗಳಲ್ಲಿ ಕಾಣಿಸಿಕೊಂಡು ಮೊತ್ತದಲ್ಲಿ ಒಮ್ಮೆ ಮಾತ್ರ ಉಳಿಯುವಂತೆ, ಪುನರಾವೃತ್ತಿಯನ್ನು ಕಳೆಯುವ ಪದ್ಧತಿಯೇನೋ ಉಂಟು. ಆದರೆ ಒಡನಾಟ ಎಷ್ಟು ದೀರ್ಘವಾದುದೆಂಬುದನ್ನು ಮೊತ್ತವು ಹೇಳದು. ಆದಕಾರಣ ಮೊತ್ತ ಬೆಳೆಯಿತೆಂದು ಹಿಗ್ಗುವುದಕ್ಕೆ ಮುಂಚೆ ಸಂಘದ ಸಾಲನ್ನೂ ಶಾಲೆಯ ಸಾಲನ್ನೂ ಬೇರೆಬೇರೆಯಾಗಿ ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ವರದಿಯಲ್ಲಿನ ವಾಸಸ್ಥಾನದ ವಿಭಾಗಗಳೂ ಹಾಗೆಯೇ ಗಮನಾರ್ಹವಾದುವು: ಹೊಲಮನೆ; ಹಳ್ಳಿ ಮತ್ತು 10,000ಕ್ಕಿಂತ ಕಡಿಮೆ ಜನರ ಊರು; 50,000ದವರೆಗಿನ ಪಟ್ಟಣ; ದೊಡ್ಡ ನಗರದ ಹೊರವಲಯ; ನಗರದ ನಡುಭಾಗ. ಬೇಸಾಯಗಾರರ ಮಕ್ಕಳಿಗಾಗಿ ಹುಟ್ಟಿದ ಸಂಸ್ಥೆಯು ಬೇಸಾಯವನ್ನೇ ಕಾಣದ ಮಕ್ಕಳ ಬಳಿಗೆ ಎಷ್ಟು ದೂರ ನಡೆದಿದೆಯೆಂಬುದು ಇಲ್ಲಿ ತಿಳಿಯುತ್ತದೆ.

ಅದೇ ವರದಿಯ ಜನಾಂಗದ ಅಂಕಣದ ಹಿಂದೆ ಅನ್ಯಾಯದ ಇತಿಹಾಸವೊಂದಿದೆ. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಮಕ್ಕಳ ಸಂಘಗಳನ್ನು ಬಹುಕಾಲ ಪ್ರತ್ಯೇಕವಾಗಿಯೇ ಇಟ್ಟಿದ್ದರು. ವಿಸ್ತರಣೆಯ ಹಣವೆಲ್ಲ ಬಿಳಿಯರ ವಿದ್ಯಾಲಯಗಳ ಅಧೀನದಲ್ಲಿತ್ತು. 1964ರ ನಾಗರಿಕ ಹಕ್ಕುಗಳ ಕಾಯಿದೆಯು ಸರಕಾರದ ಹಣ ಪಡೆಯುವ ಕಾರ್ಯಕ್ರಮಗಳಲ್ಲಿ ಜನಾಂಗಭೇದವನ್ನು ನಿಷೇಧಿಸಿತು. ಮರುವರ್ಷವೇ ಕೇಂದ್ರದ ನಾಗರಿಕ ಹಕ್ಕುಗಳ ಆಯೋಗವು ವಿಸ್ತರಣ ಸೇವೆಯಲ್ಲಿ ಉಳಿದಿದ್ದ ಭೇದಭಾವವನ್ನು ಬಯಲಿಗೆಳೆಯಿತು. ಒಹಾಯೊದಲ್ಲಿಯೇ, ಸ್ಪ್ರಿಂಗ್‌ಫೀಲ್ಡಿನ ನೆರೆಯ ಕೌಂಟಿಯಲ್ಲಿರುವ ವಿಲ್ಬರ್‌ಫೋರ್ಸಿನ ಸೆಂಟ್ರಲ್ ಸ್ಟೇಟ್ ಎಂಬ ಕರಿಯರ ವಿಶ್ವವಿದ್ಯಾನಿಲಯಕ್ಕೆ ಭೂದತ್ತ ಸಂಸ್ಥೆಯ ಮನ್ನಣೆ ದೊರೆತುದು 2014ರಲ್ಲಿ.

ಸಂಘವೆಂಬುದು ಕಚೇರಿಯ ಆಜ್ಞೆಯಿಂದ ಹುಟ್ಟುವುದಲ್ಲ. ಸಂಜೆಯ ಹೊತ್ತನ್ನು ಧಾರೆಯೆರೆಯುವ ಸ್ವಯಂಸೇವಕರು ಬೇಕು. ತಾವೇ ಬಾಲ್ಯದಲ್ಲಿ ಸದಸ್ಯರಾಗಿದ್ದ ತಾಯಿತಂದೆಯರು ಹಳ್ಳಿಗಳಲ್ಲಿ ಆ ಕಾರ್ಯಕ್ಕೆ ಸಹಜವಾಗಿ ಮುಂದಾಗುತ್ತಾರೆ. ಅಂಥ ಪರಂಪರೆಯಿಲ್ಲದ ನಗರದ ಕೇರಿಗಳಲ್ಲಿ, ಶಾಲೆಯಲ್ಲಿ ಕೋಳಿಮರಿಯನ್ನು ಕಂಡ ಮಗುವಿಗೆ ಮರುವಾರ ಸೇರಲು ಸಂಘವೊಂದು ಸಮೀಪದಲ್ಲಿ ಇರಬೇಕಾದರೆ, ಆ ಕೇರಿಯವರಲ್ಲಿಯೇ ಒಬ್ಬಿಬ್ಬರನ್ನು ಹುಡುಕಿ, ಒಪ್ಪಿಸಿ, ತರಬೇತಿಯಿತ್ತು, ಅವರ ಜೊತೆಗೆ ನಿಲ್ಲುವ ಕೆಲಸವು ವಿಸ್ತರಣ ಕಚೇರಿಯವರ ಪಾಲಿಗೆ ಇದೆ.