ಅಜ್ಜಿಯ ರೊಟ್ಟಿ ಮತ್ತು ಮಿದುಳು
ಬಂಡ್ರಿಯಂತಹ ಊರಿನಲ್ಲಿ ಜೋಳದ ರೊಟ್ಟಿ ಮಾಡುವುದು ನಿತ್ಯದ ಕೆಲಸ. ಹಿಟ್ಟು ನಾದಿ, ತಟ್ಟಿ, ಹಂಚಿಗೆ ಹಾಕಿ, ನೀರು ಸವರಿ, ಮಗುಚುವ ಕ್ರಮವನ್ನು ಮಿದುಳು ನೆನಪಿಡಬೇಕು. ಅಜ್ಜಿ ಈ ಕ್ರಮ ತಪ್ಪಿದರೆ ನಾವು ‘ಅರಳುಮರಳು’ ಎಂದು ನಕ್ಕುಬಿಡುತ್ತೇವೆ. ಅದು ಡಿಮೆನ್ಷಿಯಾ ಎಂಬ ಮಿದುಳಿನ ವ್ಯಾಧಿಯ ಲಕ್ಷಣವಿರಬಹುದು. ಇದರ ಪ್ರಧಾನ ಕಾರಣವಾದ ರೋಗವನ್ನು ಜರ್ಮನಿಯ ವೈದ್ಯ ಆಲ್ಜೈಮರ್ 1906ರಲ್ಲಿ ವಿವರಿಸಿದನು. ಸಾಮಾನ್ಯವಾಗಿ ಮೊದಲು ಕೆಡುವುವು ಹಣದ ಲೆಕ್ಕ, ಔಷಧಿಯ ವೇಳೆ, ಸಂಡೂರಿಗೆ ಒಬ್ಬರೇ ಹೋಗಿಬರುವಂತಹ ಜಟಿಲ ಕಾರ್ಯಗಳು. ಸ್ನಾನ, ಉಡುಗೆ, ಊಟಗಳು ಕೆಡುವುದು ಬಹುಕಾಲದ ನಂತರ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಅಭಾವಗಳಿಂದಲೂ ಇಂತಹ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆಯುಂಟು. ಆದುದರಿಂದ ವೈದ್ಯರಲ್ಲಿಗೆ ಕರೆದೊಯ್ಯುವುದು ಅಗತ್ಯ. ಕೈಯ ಅಭ್ಯಾಸ ಬೇಗನೆ ಅಳಿಯದು: ಒಂದೊಂದೇ ಹಂತವನ್ನು ನಾವು ನೆನಪಿಸಿದರೆ ಅಜ್ಜಿ ಇನ್ನೂ ರೊಟ್ಟಿ ತಟ್ಟಬಲ್ಲಳು.