ಜೆಟ್ ಯಂತ್ರದ ಜ್ವಾಲೆಯೂ ಝಳವೂ: ಗಣಕ ಚಿತ್ರಣದ ಒಂದು ವಿಚಾರ

ಉಷ್ಣವಿರುವೆಡೆಯಲ್ಲೆಲ್ಲ ಜ್ವಾಲೆಯಿರಬೇಕೆಂಬ ನಿಯಮವಿಲ್ಲ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಪರಮಾಣು ಘಟಕಗಳಿವೆ. ಅಲ್ಲಿ ನೀರನ್ನು ಉಗಿಯಾಗಿಸುವ ಉಷ್ಣವು ಯುರೇನಿಯಂ ವಿದಳನದಿಂದ ಬರುವುದೇ ಹೊರತು ಉರಿಯಿಂದಲ್ಲ. ಕೈಗಾವನ್ನು ಹಾದುಬರುವ ಕಾಳಿ ನದಿ ಕಾರವಾರದಲ್ಲಿ ಸಮುದ್ರವನ್ನು ಸೇರುತ್ತದೆ. ಆ ಕರಾವಳಿಯ ಕದಂಬ ನೌಕಾನೆಲೆಗೆ 2014ರ ಜನವರಿಯಲ್ಲಿ ಬಂದ ವಿಕ್ರಮಾದಿತ್ಯ ನೌಕೆಯು ಮಿಗ್-29ಕೆ ಜೆಟ್ ವಿಮಾನಗಳಿಗಾಗಿ ಮಾರ್ಪಡಿಸಲಾದುದು. ಈ ವಿಮಾನದಲ್ಲಿ ಝಳವೂ ಉಂಟು, ಜ್ವಾಲೆಯೂ ಉಂಟು; ಆದರೆ ಅವೆರಡೂ ಕಣ್ಣಿಗೆ ತೋರುವ ಬಗೆ ಬೇರೆ. ನೌಕೆಯಿಂದ ವಿಮಾನವೇರುವ ದೃಶ್ಯವನ್ನು ಗಣಕಯಂತ್ರದಲ್ಲಿ ಚಿತ್ರಿಸುವವರು ಮೊದಲು ಗ್ರಹಿಸಬೇಕಾದುದು ಈ ಭೇದವನ್ನು.

ಮೊದಲು ಜ್ವಾಲೆಯನ್ನು ಪರಿಶೀಲಿಸೋಣ. ಇಂಧನವು ಯಂತ್ರದೊಳಗೇ ಉರಿದು ಮುಗಿಯುವುದರಿಂದ ಸಾಧಾರಣವಾಗಿ ಹೊರಹೊಮ್ಮುವ ಅನಿಲವು ಬಹುಮಟ್ಟಿಗೆ ಅದೃಶ್ಯವಾದುದು. ಟರ್ಬೈನಿನ ಹಿಂದೆ ಮತ್ತೊಮ್ಮೆ ಇಂಧನವನ್ನೆರಚಿ ಉರಿಸುವ ಆಫ್ಟರ್‌ಬರ್ನರನ್ನು ಹೂಡಿದಾಗ ನಳಿಕೆಯ ಹೊರಗೂ ಜ್ವಾಲೆ ಚಾಚುತ್ತದೆ. ಶಬ್ದವೇಗವನ್ನು ಮೀರಿದ ಆ ಧಾರೆಯ ಒತ್ತಡವು ಹೊರಗಾಳಿಯ ಒತ್ತಡಕ್ಕೆ ಹೊಂದದಿದ್ದಾಗ, ಧಾರೆಯು ಸಂಕೋಚ ವಿಕಾಸಗಳನ್ನು ಪಡೆಯುತ್ತ ವಜ್ರಾಕೃತಿಯ ಬೆಳಕಿನ ತಾಣಗಳನ್ನು ಸಾಲಾಗಿ ತೋರುತ್ತದೆ. ಅನಿಲವು ಹಿಂದಕ್ಕೆ ಧಾವಿಸಿದರೂ ಈ ವಜ್ರಗಳು ನಳಿಕೆಯಿಂದ ನಿಯತ ದೂರದಲ್ಲಿಯೇ ನಿಲ್ಲುತ್ತವೆ. ಅವನ್ನು ಹೊಗೆಯಂತೆ ಹರಿಯಬಿಡುವುದು ದೋಷ.

ಬೆಂಕಿಯನ್ನು ಚಿತ್ರಿಸುವ ವಿಧಾನಗಳು ಕ್ರಮವಾಗಿ ಬೆಳೆದುಬಂದಿವೆ. ಅಸಂಖ್ಯ ಕಣಗಳ ಹುಟ್ಟು, ಚಲನೆ, ಅಳಿವುಗಳಿಂದ ಜ್ವಾಲೆಯನ್ನು ರಚಿಸುವ ಕ್ರಮವನ್ನು ವಿಲಿಯಂ ರೀವ್ಸ್ 1983ರಲ್ಲಿ ಪ್ರಕಟಿಸಿದರು. ದ್ರವಗತಿಯ ಸಮೀಕರಣಗಳನ್ನು ಗಣಕವು ಸ್ಥಿರವಾಗಿ ಬಿಡಿಸುವ ಮಾರ್ಗವನ್ನು ಯೋಸ್ ಸ್ಟಾಮ್ 1999ರಲ್ಲಿ ತೋರಿಸಿದರು. ಈ ಎರಡರಲ್ಲಿಯೂ ಚಿತ್ರಕ್ಕೆ ಬೆಳಕನ್ನು ಕೂಡಿಸುವುದೇ ಕೆಲಸ.

ಝಳದ ವಿಷಯ ಹಾಗಲ್ಲ; ಅದು ತಾನಾಗಿ ಬೆಳಗುವ ವಸ್ತುವಲ್ಲ. ಗಾಳಿಯ ವಕ್ರೀಭವನಾಂಕವು ಒಂದಕ್ಕಿಂತ ಎಷ್ಟು ಹೆಚ್ಚೆಂಬುದು ಅದರ ಸಾಂದ್ರತೆಯನ್ನು ಅವಲಂಬಿಸಿದೆ. 300 ಕೆಲ್ವಿನ್ ಉಷ್ಣತೆಯಲ್ಲಿ ಈ ಹೆಚ್ಚಳ ಸುಮಾರು 0.00027, ಒತ್ತಡ ಬದಲಾಗದೆ ಉಷ್ಣತೆ 900 ಕೆಲ್ವಿನ್‌ಗೆ ಏರಿದರೆ ಸುಮಾರು 0.00009. ಈ ಅಲ್ಪ ವ್ಯತ್ಯಾಸದಿಂದಲೇ ಹಿಂದಣ ದೃಶ್ಯದ ಕಿರಣಗಳು ಬಾಗುತ್ತವೆ. ಬಿಸಿ ತಂಪು ಗಾಳಿಗಳು ಸುಳಿಸುಳಿಯಾಗಿ ಬೆರೆಯುವುದರಿಂದ ಆ ಬಾಗು ಕ್ಷಣಕ್ಷಣಕ್ಕೂ ಬದಲಾಗಿ, ದೃಶ್ಯವು ನಡುಗಿದಂತೆ ತೋರುತ್ತದೆ.

ಆದುದರಿಂದ ಝಳಕ್ಕೆಂದು ಬಣ್ಣ ಬಳಿಯಲಾಗದು. ಅದರ ಹಿಂದಿರುವ ಚಿತ್ರದ ಬಿಂದುಗಳನ್ನು ಅತ್ತಿತ್ತ ಸರಿಸಬೇಕು. ಎಷ್ಟು ಸರಿಸಬೇಕೆಂಬುದನ್ನು ನಿರ್ಧರಿಸಲು ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ಬಗೆಯ ಕ್ರಮಬದ್ಧ ಯಾದೃಚ್ಛಿಕ ಮೌಲ್ಯಗಳನ್ನು ಬಳಸಬಹುದು. ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ. ಒಂದು, ನೋಡುವವನಿಗೂ ಝಳಕ್ಕೂ ನಡುವೆ ಇರುವ ವಸ್ತು ನಡುಗಕೂಡದು. ಎರಡು, ಝಳದಿಂದ ಬಹುದೂರ ಹಿಂದಿರುವ ಗುಡ್ಡವು ಹೆಚ್ಚು ನಡುಗಬೇಕು, ಝಳಕ್ಕೆ ಅಂಟಿದಂತಿರುವ ವಸ್ತು ಅತ್ಯಲ್ಪವಾಗಿ. ಮೂರು, ನಳಿಕೆಯ ಬಳಿ ಸುಳಿಗಳು ಚಿಕ್ಕವಾಗಿ ವೇಗವಾಗಿಯೂ, ದೂರ ಸರಿದಂತೆ ದೊಡ್ಡವಾಗಿ ನಿಧಾನವಾಗಿಯೂ ಇದ್ದು, ಅನಿಲವು ಹೊರಗಾಳಿಯಲ್ಲಿ ಬೆರೆತು ತಣಿದಂತೆ ನಡುಕವೂ ಅಡಗಬೇಕು.

ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಲು ಜೆಟ್ ವಿಮಾನವನ್ನು ಅರಸಬೇಕಾಗಿಲ್ಲ. ಉರಿಯುವ ಒಲೆಯ ಮೇಲ್ಗಡೆಯಿಂದ ದೂರದ ತೆಂಗಿನ ಮರವನ್ನು ನೋಡಿ, ಬಳಿಕ ಒಲೆಯ ಹಿಂದೆಯೇ ಹಿಡಿದ ಕೋಲನ್ನು ನೋಡಿದರೆ ಎರಡನೆಯ ಎಚ್ಚರಿಕೆಯ ಅರ್ಥ ತಾನೇ ವಿಶದವಾಗುವುದು.

ಇದು ಅಂದಚಂದದ ಪ್ರಶ್ನೆ ಮಾತ್ರವಲ್ಲ. ಇಂದು ತರಗತಿಗಳಲ್ಲಿ ಯಂತ್ರಗಳ ಕಾರ್ಯವನ್ನು ಬೋಧಿಸಲು ಇಂಥ ಚಿತ್ರಗಳನ್ನೇ ತೋರಿಸುತ್ತೇವೆ. ಕಂಡದ್ದನ್ನು ವಿದ್ಯಾರ್ಥಿ ನಂಬುತ್ತಾನೆ. ಉಷ್ಣವೆಂದೊಡನೆ ಕೆಂಪು ಬಳಿಯುವ ಕೈ ನಾಳೆ ಕೈಗಾದ ರಿಯಾಕ್ಟರಿನೊಳಗೂ ಜ್ವಾಲೆಯನ್ನು ಬರೆದೀತು. ಕಾಣದ ಉಷ್ಣವನ್ನು ಕಾಣದಂತೆಯೇ ಉಳಿಸಿ, ಅದರ ಪರಿಣಾಮವನ್ನು ಮಾತ್ರ ತೋರುವುದು ಚಿತ್ರಕಾರರ ಹೊಣೆ.